ಚಿಕ್ಕ ಚೌಕ, ದೊಡ್ಡ ಹೊಣೆ: ಲೆಕ್ಕಪತ್ರ ತಂತ್ರಾಂಶದಲ್ಲಿ ಚೆಕ್‌ಬಾಕ್ಸ್‌ನ ವಿವೇಕ

ವ್ಯಾಪಾರ ಸಂಸ್ಥೆಯೊಂದು ಲೆಕ್ಕಪತ್ರ ತಂತ್ರಾಂಶವನ್ನು ಕೊಳ್ಳುವಾಗ, ಅಥವಾ ಊರಿನ ಪ್ರೋಗ್ರಾಮರ್ ಒಬ್ಬರಿಂದ ಬರೆಸಿಕೊಳ್ಳುವಾಗ, ಸಾಮಾನ್ಯವಾಗಿ ಮೂರು ಸಂಗತಿಗಳ ವಿಚಾರಣೆ ನಡೆಯುತ್ತದೆ: ಬೆಲೆ ಎಷ್ಟು, ಎಷ್ಟು ಗಣಕಯಂತ್ರಗಳಲ್ಲಿ ನಡೆಯುತ್ತದೆ, ಯಾವ ಯಾವ ವರದಿಗಳು ಬರುತ್ತವೆ. ಪರದೆಯ ಮೇಲೆ ಅಲ್ಲಲ್ಲಿ ಕಾಣುವ ಚಿಕ್ಕ ಚೌಕಗಳತ್ತ, ಅಂದರೆ ಚೆಕ್‌ಬಾಕ್ಸ್‌ಗಳತ್ತ, ಮಾಲೀಕರ ದೃಷ್ಟಿ ಹರಿಯುವುದು ಅಪರೂಪ. ಅದು ಪ್ರೋಗ್ರಾಮರ್‌ಗೆ ಬಿಟ್ಟ ವಿಷಯ ಎಂಬ ಭಾವನೆ ರೂಢಿಯಲ್ಲಿದೆ.

ಈ ಭಾವನೆಯನ್ನು ಬಿಡಬೇಕಾದ ಕಾಲ ಬಂದಿದೆ. ಪ್ರತಿಯೊಂದು ಚೆಕ್‌ಬಾಕ್ಸ್ ವಾಸ್ತವವಾಗಿ ಒಂದು ವ್ಯಾವಹಾರಿಕ ತೀರ್ಮಾನ. ಈ ಸರಬರಾಜುದಾರ ಸಣ್ಣ ಉದ್ಯಮಿಯೇ, ಈ ಬೆಲೆಯಲ್ಲಿ ತೆರಿಗೆ ಸೇರಿದೆಯೇ, ಈ ಬಾಡಿಗೆಯ ಮೇಲಿನ ತೆರಿಗೆಯನ್ನು ಬಾಡಿಗೆದಾರನೇ ಕಟ್ಟಬೇಕೇ ಎಂಬ ಪ್ರಶ್ನೆಗಳಿಗೆ ಗುಮಾಸ್ತನು ಇಲಿಯ ಒಂದು ಕ್ಲಿಕ್ಕಿನಲ್ಲಿ ಉತ್ತರ ಕೊಡುತ್ತಾನೆ. ಉತ್ತರ ತಪ್ಪಾದಾಗ ಅಧಿಕಾರಿಯ ಮುಂದೆ ನಿಲ್ಲಬೇಕಾದವರು ಗುಮಾಸ್ತರೂ ಅಲ್ಲ, ಪ್ರೋಗ್ರಾಮರ್‌ಗಳೂ ಅಲ್ಲ; ಸಂಸ್ಥೆಯ ಮಾಲೀಕರು.

ಚೌಕ ಯಾವುದಕ್ಕೆ ತಕ್ಕದ್ದು?

ಚೆಕ್‌ಬಾಕ್ಸ್ ಹೌದು ಅಥವಾ ಅಲ್ಲ ಎಂಬ ಎರಡೇ ಉತ್ತರಗಳುಳ್ಳ ಪ್ರಶ್ನೆಗೆ ಮೀಸಲಾದ ಸಾಧನ. ಒಂದೇ ಪರದೆಯಲ್ಲಿ ಹತ್ತು ಚೌಕಗಳಿದ್ದರೆ ಅವು ಪರಸ್ಪರ ಸ್ವತಂತ್ರವಾಗಿರಬೇಕು. ಒಂದನ್ನು ಗುರುತಿಸಿದ ಮಾತ್ರಕ್ಕೆ ಇನ್ನೊಂದು ಬದಲಾಗಕೂಡದು. ಹಲವು ಆಯ್ಕೆಗಳಲ್ಲಿ ಒಂದನ್ನು ಮಾತ್ರ ಆರಿಸಬೇಕಾದಲ್ಲಿ ರೇಡಿಯೋ ಬಟನ್ ಎಂಬ ವೃತ್ತಾಕಾರದ ಗುರುತು ಇದೆ. ಬಿಲ್ಲು ನಗದೋ ಉದ್ದರಿಯೋ ಎಂಬಲ್ಲಿ ವೃತ್ತ ಬೇಕು. ಬಿಲ್ಲಿನ ಮೇಲೆ ಲಾರಿ ಸಂಖ್ಯೆ, ಆರ್ಡರ್ ಸಂಖ್ಯೆ, ಬ್ಯಾಂಕ್ ವಿವರ ಇವುಗಳಲ್ಲಿ ಯಾವುದನ್ನು ಮುದ್ರಿಸಬೇಕು ಎಂಬಲ್ಲಿ ಚೌಕ ಬೇಕು. ನಗದು ಮತ್ತು ಉದ್ದರಿಗೆ ಎರಡು ಪ್ರತ್ಯೇಕ ಚೌಕಗಳನ್ನಿಟ್ಟರೆ ಒಂದೇ ಬಿಲ್ಲು ಎರಡೂ ಆಗಬಹುದು, ಅಥವಾ ಎರಡೂ ಆಗದೆ ಉಳಿಯಬಹುದು.

ಬೆಂಗಳೂರಿನಲ್ಲಿ ಬೆಳೆದು ದೇಶದ ವರ್ತಕರ ಮನೆಮಾತಾದ ಟ್ಯಾಲಿ ತಂತ್ರಾಂಶದಲ್ಲಿ ಚೌಕಗಳ ಬದಲು ಪ್ರಶ್ನೆಯ ಮುಂದೆ ‘ಯೆಸ್’ ಅಥವಾ ‘ನೋ’ ಎಂದು ಬರೆಯುವ ಕ್ರಮವಿದೆ. ಕೀಲಿಮಣೆಯಿಂದ ಕೈ ತೆಗೆಯದೆ ವೇಗವಾಗಿ ನಮೂದಿಸುವವರಿಗೆ ಅದು ಅನುಕೂಲ. ರೂಪ ಬೇರೆಯಾದರೂ ತತ್ತ್ವ ಒಂದೇ. ಆದುದರಿಂದ ಇಲ್ಲಿ ಚೌಕದ ಬಗ್ಗೆ ಹೇಳುವ ಮಾತುಗಳೆಲ್ಲ ಅಂತಹ ಹೌದು-ಅಲ್ಲ ಪ್ರಶ್ನೆಗಳಿಗೂ ಸಲ್ಲುತ್ತವೆ.

‘ಗೊತ್ತಿಲ್ಲ’ ಎಂಬ ಮೂರನೆಯ ಉತ್ತರ

ವ್ಯವಹಾರದಲ್ಲಿ ಎಲ್ಲ ಪ್ರಶ್ನೆಗಳಿಗೂ ಕೂಡಲೇ ಉತ್ತರವಿರುವುದಿಲ್ಲ. ಚೌಕ ಖಾಲಿಯಿದ್ದರೆ ಅದರ ಅರ್ಥ ‘ಅಲ್ಲ’ ಎಂದೋ, ‘ಇನ್ನೂ ವಿಚಾರಿಸಿಲ್ಲ’ ಎಂದೋ? ಪರದೆಯನ್ನು ನೋಡಿ ಇದನ್ನು ತಿಳಿಯಲಾಗದು.

ಸರಬರಾಜುದಾರರ ಖಾತೆಯಲ್ಲಿರುವ ‘ಸೂಕ್ಷ್ಮ ಅಥವಾ ಸಣ್ಣ ಉದ್ಯಮ’ ಎಂಬ ಚೌಕ ಇದಕ್ಕೆ ತಕ್ಕ ನಿದರ್ಶನ. 2006ರ ಎಂಎಸ್ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಇಂತಹ ಉದ್ಯಮಗಳಿಗೆ ಲಿಖಿತ ಕರಾರು ಇದ್ದಲ್ಲಿ ಗರಿಷ್ಠ 45 ದಿನಗಳೊಳಗೆ, ಇಲ್ಲದಿದ್ದಲ್ಲಿ 15 ದಿನಗಳೊಳಗೆ ಹಣ ಪಾವತಿಯಾಗಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆಯು ಇದಕ್ಕೆ ಆದಾಯ ತೆರಿಗೆಯ ಕೊಂಡಿಯನ್ನೂ ಬೆಸೆಯಿತು. 2023-24ನೆಯ ಹಣಕಾಸು ವರ್ಷದಿಂದ, ಗಡುವು ಮೀರಿದ ಬಾಕಿಯನ್ನು ವಾಸ್ತವವಾಗಿ ಪಾವತಿ ಮಾಡಿದ ವರ್ಷದಲ್ಲಷ್ಟೇ ಖರ್ಚೆಂದು ಕಳೆಯಲು ಸಾಧ್ಯ. ಪಾಲುದಾರಿಕೆ ಸಂಸ್ಥೆಯೊಂದು ಇಂತಹ 10,00,000 ರೂಪಾಯಿಗಳನ್ನು ವರ್ಷಾಂತ್ಯಕ್ಕೆ ಬಾಕಿಯಿಟ್ಟುಕೊಂಡರೆ, ಶೇ. 30ರ ತೆರಿಗೆ ಮತ್ತು ಅದರ ಮೇಲಿನ ಶೇ. 4ರ ಸೆಸ್ ಸೇರಿ ಆ ವರ್ಷ 3,12,000 ರೂಪಾಯಿಗಳನ್ನು ಮುಂಗಡವಾಗಿ ಕಳೆದುಕೊಂಡಂತೆಯೇ ಸರಿ.

ಇಷ್ಟು ತೂಕದ ಪ್ರಶ್ನೆಗೆ ಒಂದು ಚೌಕ ಸಾಲದು. ಮಧ್ಯಮ ಉದ್ಯಮಕ್ಕೆ ಈ ಸಂರಕ್ಷಣೆಯಿಲ್ಲ. ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೆ 2021ರ ಜುಲೈನಲ್ಲಿ ಉದ್ಯಮ್ ನೋಂದಣಿಯ ಅವಕಾಶ ದೊರೆತರೂ ಅದು ಆದ್ಯತಾ ವಲಯದ ಸಾಲದ ಪ್ರಯೋಜನಕ್ಕೆ ಸೀಮಿತವಾಗಿದೆ. ಆದುದರಿಂದ ಸರಬರಾಜುದಾರನ ವರ್ಗವನ್ನು ಪಟ್ಟಿಯಿಂದ ಆರಿಸುವ ವ್ಯವಸ್ಥೆಯಿರಬೇಕು: ಸೂಕ್ಷ್ಮ, ಸಣ್ಣ, ಮಧ್ಯಮ, ವ್ಯಾಪಾರಿ, ನೋಂದಣಿಯಿಲ್ಲ, ಇನ್ನೂ ವಿಚಾರಿಸಿಲ್ಲ. ಈ ಕೊನೆಯ ಉತ್ತರವೇ ಅತ್ಯಂತ ಮುಖ್ಯ. ಏಕೆಂದರೆ ಯಾರಿಗೆ ಪತ್ರ ಬರೆಯಬೇಕೆಂಬ ಪಟ್ಟಿ ಹೊರಡುವುದು ಅದರಿಂದಲೇ.

ತಾಂತ್ರಿಕವಾಗಿಯೂ ಇಲ್ಲಿ ಒಂದು ಗುಂಡಿಯಿದೆ. ಮೈಕ್ರೋಸಾಫ್ಟ್ ಆಕ್ಸೆಸ್ ದತ್ತಸಂಚಯದ ‘ಯೆಸ್/ನೋ’ ಅಂಕಣದಲ್ಲಿ ‘ಗೊತ್ತಿಲ್ಲ’ ಎಂಬುದಕ್ಕೆ ಸ್ಥಳವೇ ಇಲ್ಲ. ಉತ್ತರ ಕೊಡದ ದಾಖಲೆಗಳೆಲ್ಲ ‘ನೋ’ ಎಂದೇ ಉಳಿಯುತ್ತವೆ. ಡಾಟ್‌ನೆಟ್‌ನ ವಿಂಡೋಸ್ ಫಾರ್ಮ್ಸ್‌ನಲ್ಲಿ ಚೌಕಕ್ಕೆ ಮೂರನೆಯ ಸ್ಥಿತಿಯನ್ನು ಕೊಡಲು ಅವಕಾಶವಿದೆ. ಆದರೆ ಪ್ರೋಗ್ರಾಮರ್ ‘ಚೆಕ್‌ಸ್ಟೇಟ್’ ಎಂಬ ಗುಣವನ್ನು ನೋಡದೆ ‘ಚೆಕ್ಡ್’ ಎಂಬ ಗುಣವನ್ನಷ್ಟೇ ನೋಡಿದರೆ, ಅನಿಶ್ಚಿತ ಸ್ಥಿತಿಗೂ ‘ಹೌದು’ ಎಂಬ ಉತ್ತರವೇ ಬರುತ್ತದೆ. ಹೀಗೆ ಒಂದು ಕಡೆ ‘ಗೊತ್ತಿಲ್ಲ’ ಎಂಬುದು ‘ಇಲ್ಲ’ವಾಗುತ್ತದೆ, ಇನ್ನೊಂದು ಕಡೆ ‘ಹೌದು’ ಆಗುತ್ತದೆ. ಎರಡೂ ಸುಳ್ಳು ಲೆಕ್ಕಗಳೇ.

ಮೊದಲೇ ಬಿದ್ದಿರುವ ಗುರುತು

ಹೊಸ ದಾಖಲೆಯನ್ನು ತೆರೆದ ಕ್ಷಣದಲ್ಲಿ ಚೌಕದಲ್ಲಿ ಗುರುತು ಇರಬೇಕೇ ಬೇಡವೇ ಎಂಬುದನ್ನು ಯಾರೋ ಒಬ್ಬರು ತೀರ್ಮಾನಿಸಿರುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಆ ವ್ಯಕ್ತಿಗೆ ಅಂಗಡಿಯ ವ್ಯವಹಾರದ ಪರಿಚಯವಿರುವುದಿಲ್ಲ. ದಿನಕ್ಕೆ ನೂರು ಬಿಲ್ಲು ಹೊಡೆಯುವ ಗುಮಾಸ್ತನು ಮೊದಲೇ ಇದ್ದುದನ್ನು ಹಾಗೆಯೇ ಬಿಟ್ಟು ಮುಂದೆ ಹೋಗುತ್ತಾನೆ. ಅದು ಮನುಷ್ಯ ಸ್ವಭಾವ.

‘ಬೆಲೆಯಲ್ಲಿ ತೆರಿಗೆ ಸೇರಿದೆ’ ಎಂಬ ಚೌಕವನ್ನು ಪರಿಶೀಲಿಸಬಹುದು. ಶೇ. 18 ಜಿಎಸ್‌ಟಿ ಇರುವ ವಸ್ತುವಿನ ಬೆಲೆ 1,180 ರೂಪಾಯಿ ಎಂದಿರಲಿ. ಗುರುತು ಇದ್ದರೆ ತೆರಿಗೆಗೆ ಒಳಪಡುವ ಮೌಲ್ಯ 1,000, ತೆರಿಗೆ 180. ಗುರುತು ಇಲ್ಲದಿದ್ದರೆ 1,180ರ ಮೇಲೆ 212.40 ಸೇರಿ ಬಿಲ್ಲು 1,392.40 ಆಗುತ್ತದೆ. ಇರಬೇಕಾದ ಗುರುತು ಬಿಟ್ಟುಹೋದರೆ ಗಿರಾಕಿಯೇ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ತಕರಾರು ತೆಗೆಯುತ್ತಾನೆ. ಇರಬಾರದ ಗುರುತು ಬಿದ್ದಿದ್ದರೆ ಪ್ರತಿ ನಗಕ್ಕೆ 212.40 ರೂಪಾಯಿ ಕಡಿಮೆ ವಸೂಲಾಗುತ್ತದೆ, ಮತ್ತು ಅದನ್ನು ಯಾರೂ ಬಂದು ಹೇಳುವುದಿಲ್ಲ. ಆದುದರಿಂದ ಸಂಸ್ಥೆಗೆ ಮೌನವಾಗಿ ನಷ್ಟ ತರುವ ಕಡೆಗೆ ಡೀಫಾಲ್ಟ್ ವಾಲಿರಬಾರದು. ತಪ್ಪಾದರೂ ಕೂಡಲೇ ಬಯಲಾಗುವ ಸ್ಥಿತಿಯೇ ಒಳ್ಳೆಯ ಡೀಫಾಲ್ಟ್.

ಒಪ್ಪಿಗೆಯ ವಿಷಯದಲ್ಲಂತೂ ಕಾನೂನು ಸ್ಪಷ್ಟವಾಗಿದೆ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ನಾಲ್ಕನೆಯ ನಿಯಮವು ಖರೀದಿಗೆ ಗ್ರಾಹಕನ ಒಪ್ಪಿಗೆಯನ್ನು ಮೊದಲೇ ಗುರುತು ಹಾಕಿದ ಚೆಕ್‌ಬಾಕ್ಸ್ ಮೂಲಕ ದಾಖಲಿಸುವುದನ್ನು ಹೆಸರು ಹೇಳಿಯೇ ನಿಷೇಧಿಸಿದೆ. ಯೂರೋಪ್ ಒಕ್ಕೂಟದ ನ್ಯಾಯಾಲಯವೂ 2019ರ ಅಕ್ಟೋಬರ್ 1ರ ತೀರ್ಪಿನಲ್ಲಿ, ಮೊದಲೇ ಗುರುತು ಬಿದ್ದಿರುವ ಚೌಕವು ಒಪ್ಪಿಗೆಯಾಗದು ಎಂದಿತು. ಅಂತರ್ಜಾಲದಲ್ಲಿ ಮಾಲು ಮಾರಲು ಹೊರಟಿರುವ ಸದಸ್ಯರು ತಮ್ಮ ಆರ್ಡರ್ ಪರದೆಯನ್ನು ಈ ದೃಷ್ಟಿಯಿಂದ ಒಮ್ಮೆ ನೋಡಿಕೊಳ್ಳುವುದು ಕ್ಷೇಮ. ಗ್ರಾಹಕನ ಹಿತಕ್ಕೆ ನ್ಯಾಯಶಾಸ್ತ್ರ ಒಪ್ಪದ ಅಭ್ಯಾಸವನ್ನು ಸಂಸ್ಥೆಯ ಸ್ವಂತ ಲೆಕ್ಕದಲ್ಲಿ ಒಪ್ಪಿಕೊಳ್ಳಲು ಕಾರಣವಿಲ್ಲ.

ತಾರೀಖಿಲ್ಲದ ಗುರುತು

ಚೌಕದ ಇನ್ನೊಂದು ದೌರ್ಬಲ್ಯವೆಂದರೆ ಅದಕ್ಕೆ ಕಾಲದ ಅರಿವಿಲ್ಲ. ವಾಣಿಜ್ಯ ಕಟ್ಟಡವನ್ನು ಜಿಎಸ್‌ಟಿ ನೋಂದಣಿಯಿಲ್ಲದ ಮಾಲೀಕರಿಂದ ಬಾಡಿಗೆಗೆ ಪಡೆದ ನೋಂದಾಯಿತ ವರ್ತಕರಿಗೆ 2024ರ ಅಕ್ಟೋಬರ್ 10ರಿಂದ ರಿವರ್ಸ್ ಚಾರ್ಜ್ ಹೊಣೆ ಬಂದಿತು. ಕಾಂಪೊಸಿಷನ್ ಪದ್ಧತಿಯವರಿಗೆ 2025ರ ಜನವರಿ 16ರಿಂದ ಅದರಿಂದ ವಿನಾಯಿತಿ ದೊರೆಯಿತು. ಅಂಗಡಿ ಬಾಡಿಗೆಯ ಖಾತೆಯಲ್ಲಿ ವರ್ಷಗಳ ಹಿಂದೆ ಖಾಲಿ ಬಿಟ್ಟ ‘ರಿವರ್ಸ್ ಚಾರ್ಜ್’ ಚೌಕ ಅಂದು ಸರಿಯಾಗಿಯೇ ಇತ್ತು. ಆ ಅಕ್ಟೋಬರ್ 10ರಂದು ಯಾರೂ ಮುಟ್ಟದೆಯೇ ತಪ್ಪಾಯಿತು. ಈ ತೆರಿಗೆಯನ್ನು ನಗದು ಲೆಡ್ಜರ್‌ನಿಂದಲೇ ಕಟ್ಟಬೇಕು. ತಡವಾದರೆ ವಾರ್ಷಿಕ ಶೇ. 18ರ ಬಡ್ಡಿ ಜೊತೆಗೂಡುತ್ತದೆ.

ಉದ್ಯಮಗಳ ವರ್ಗೀಕರಣವೂ 2025ರ ಏಪ್ರಿಲ್ 1ರಿಂದ ಬದಲಾಗಿದೆ. ಸೂಕ್ಷ್ಮ ಉದ್ಯಮದ ಮಿತಿ ಹೂಡಿಕೆಯಲ್ಲಿ 2.5 ಕೋಟಿ ಮತ್ತು ವಹಿವಾಟಿನಲ್ಲಿ 10 ಕೋಟಿ ರೂಪಾಯಿಗಳಿಗೆ, ಸಣ್ಣ ಉದ್ಯಮದ ಮಿತಿ 25 ಕೋಟಿ ಮತ್ತು 100 ಕೋಟಿಗಳಿಗೆ ಏರಿತು. ಹಿಂದೆ ಮಧ್ಯಮವೆನಿಸಿದ ಸರಬರಾಜುದಾರರು ಸಣ್ಣ ವರ್ಗಕ್ಕೆ ಇಳಿದಿರಬಹುದು. ಅಂದರೆ ಹಳೆಯ ಗುರುತುಗಳನ್ನು ನಂಬಿ ಕೂರುವಂತಿಲ್ಲ. ‘ಎಂದಿನಿಂದ ಅನ್ವಯ’ ಎಂಬ ತಾರೀಖನ್ನು ಕೇಳದ ತೆರಿಗೆ ಚೌಕವು ಅರ್ಧ ಕೆಲಸ ಮಾಡಿದ ಚೌಕ.

ನೋಡಿದ ಮಾತ್ರಕ್ಕೆ ಬದಲಾಗುವ ಬಿಲ್ಲು

ಪ್ರೋಗ್ರಾಮರ್‌ಗಳ ವಲಯದಲ್ಲಿ ಚಿರಪರಿಚಿತವಾದ, ಆದರೆ ಮಾಲೀಕರಿಗೆ ಅರಿವಿಲ್ಲದ ಇನ್ನೊಂದು ದೋಷವಿದೆ. ಇಂದಿಗೂ ಅನೇಕ ಸಣ್ಣ ಕಾರ್ಖಾನೆ, ಮಂಡಿಗಳಲ್ಲಿ ವಿಷುಯಲ್ ಬೇಸಿಕ್ 6ರಲ್ಲಿ ಬರೆದ ತಂತ್ರಾಂಶಗಳು ನಡೆಯುತ್ತಿವೆ. ಆ ಭಾಷೆಯಲ್ಲಿ ಮನುಷ್ಯನು ಚೌಕವನ್ನು ಒತ್ತಿದರೂ, ಪ್ರೋಗ್ರಾಂ ತಾನೇ ಹಳೆಯ ದಾಖಲೆಯಿಂದ ಗುರುತನ್ನು ತಂದು ಹಾಕಿದರೂ, ‘ಕ್ಲಿಕ್’ ಎಂಬ ಒಂದೇ ಘಟನೆ ಜರುಗುತ್ತದೆ. ಡಾಟ್‌ನೆಟ್‌ನ ‘ಚೆಕ್ಡ್‌ಚೇಂಜ್ಡ್’ ಘಟನೆಯೂ ಇಂತಹುದೇ. ತೆರಿಗೆಯ ಲೆಕ್ಕಾಚಾರವನ್ನು ಈ ಘಟನೆಯೊಳಗೆ ಬರೆದಿದ್ದರೆ, ಹಳೆಯ ಬಿಲ್ಲನ್ನು ಸುಮ್ಮನೆ ತೆರೆದಾಗಲೂ ತೆರಿಗೆ ಮತ್ತೊಮ್ಮೆ ಲೆಕ್ಕವಾಗುತ್ತದೆ, ಅದೂ ಇಂದಿನ ದರದಲ್ಲಿ.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದ ಮೇಲೆ ಇದರ ಅಪಾಯ ಹೆಚ್ಚಿದೆ. ಶೇ. 12ರಿಂದ ಶೇ. 5ಕ್ಕೆ ಇಳಿದ ವಸ್ತುವಿನ 50,000 ರೂಪಾಯಿ ಮೌಲ್ಯದ ಹಳೆಯ ಬಿಲ್ಲಿನಲ್ಲಿ ತೆರಿಗೆ 6,000 ಇತ್ತು. ನಕಲು ಪ್ರತಿಗಾಗಿ ಅದನ್ನು ತೆರೆದು ‘ಸೇವ್’ ಒತ್ತಿದರೆ ತೆರಿಗೆ 2,500 ಆಗಿ ಕೂರುತ್ತದೆ. ರಿಟರ್ನ್‌ನಲ್ಲಿ ಒಂದು ಅಂಕಿ, ಪುಸ್ತಕದಲ್ಲಿ ಇನ್ನೊಂದು. 3,500ರ ವ್ಯತ್ಯಾಸಕ್ಕೆ ಕಾರಣ ಹುಡುಕುತ್ತ ಗುಮಾಸ್ತ ಮತ್ತು ಲೆಕ್ಕಪರಿಶೋಧಕರಿಬ್ಬರೂ ದಿನ ಕಳೆಯಬೇಕು. ಪರಿಹಾರ ಕಠಿಣವಲ್ಲ: ದಾಖಲೆಯನ್ನು ಪರದೆಗೆ ತರುವಾಗ ಲೆಕ್ಕಾಚಾರವನ್ನು ತಡೆಹಿಡಿಯಬೇಕು, ಮತ್ತು ದರವನ್ನು ಬಿಲ್ಲಿನ ತಾರೀಖಿನಿಂದ ಹುಡುಕಬೇಕು. ಕೇಳುವವರಿದ್ದರೆ ಪ್ರೋಗ್ರಾಮರ್ ಮಾಡಿಕೊಡುತ್ತಾರೆ.

ಅದೇ ಭಾಷೆಯಲ್ಲಿ ಗುರುತು ಬಿದ್ದ ಚೌಕದ ಬೆಲೆ 1. ‘ಟ್ರೂ’ ಎಂಬುದರ ಬೆಲೆ ಮಾತ್ರ ಋಣ 1. ಇವೆರಡನ್ನು ನೇರವಾಗಿ ಹೋಲಿಸಿದ ಪ್ರೋಗ್ರಾಂನಲ್ಲಿ, ಚೌಕ ಗುರುತಾಗಿ ಕಂಡರೂ ಹೋಲಿಕೆ ಎಂದೂ ಸರಿಹೊಂದುವುದಿಲ್ಲ. ಗುರುತು ಪರದೆಯ ಅಲಂಕಾರವಷ್ಟೇ ಆಗಿ ಉಳಿಯುತ್ತದೆ. ಆದುದರಿಂದ ಚೌಕ ಇದೆಯೆಂದು ತೃಪ್ತರಾಗದೆ, ಗುರುತು ಹಾಕಿ ಒಮ್ಮೆ, ತೆಗೆದು ಒಮ್ಮೆ ಬಿಲ್ಲು ಹೊಡೆದು ನೋಡುವುದೇ ನಿಜವಾದ ಪರೀಕ್ಷೆ.

ಇರಲೇಬಾರದ ಚೌಕ

ಕೆಲವು ಚೌಕಗಳು ಇರುವುದೇ ತಪ್ಪು. ತಿದ್ದುಪಡಿಗಳ ದಾಖಲೆಯನ್ನು ನಿಲ್ಲಿಸುವ ಚೌಕ ಅಂತಹುದು. ಕಂಪನಿಗಳ (ಲೆಕ್ಕಪತ್ರ) ನಿಯಮಗಳಿಗೆ 2021ರ ಮಾರ್ಚ್‌ನಲ್ಲಿ ಬಂದ ತಿದ್ದುಪಡಿಯು ಎರಡು ಬಾರಿ ಮುಂದೂಡಲ್ಪಟ್ಟು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರಂತೆ ಪ್ರತಿಯೊಂದು ಕಂಪನಿಯ ಲೆಕ್ಕಪತ್ರ ತಂತ್ರಾಂಶವು ಪ್ರತಿ ವ್ಯವಹಾರದ ಆಡಿಟ್ ಟ್ರೇಲ್ ದಾಖಲಿಸಬೇಕು, ಪ್ರತಿ ಬದಲಾವಣೆಯನ್ನು ತಾರೀಖಿನೊಡನೆ ಬರೆದಿಡಬೇಕು, ಮತ್ತು ಆ ವ್ಯವಸ್ಥೆಯನ್ನು ನಿಲ್ಲಿಸಲು ಸಾಧ್ಯವಾಗಬಾರದು. ವರ್ಷವಿಡೀ ಅದು ನಡೆದಿತ್ತೇ ಎಂಬುದನ್ನು ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಹೇಳಲೇಬೇಕು.

ಈ ನಿಯಮ ಪ್ರೈವೇಟ್ ಲಿಮಿಟೆಡ್ ಕಂಪನಿಗಳಿಗೆ ಮಾತ್ರ, ಸ್ವಂತ ವ್ಯಾಪಾರಿಗೂ ಪಾಲುದಾರಿಕೆಗೂ ಏನೂ ಇಲ್ಲ ಎಂಬ ಸಮಾಧಾನ ಮಾರುಕಟ್ಟೆಯಲ್ಲಿ ಹರಡಿದೆ. ಅದು ಅರ್ಧ ಸತ್ಯ. 2017ರ ಸಿಜಿಎಸ್‌ಟಿ ನಿಯಮಗಳ 56(8)ನೆಯ ನಿಯಮವು ಪುಸ್ತಕದ ಯಾವ ನಮೂದನ್ನೂ ಅಳಿಸಬಾರದು, ಅದರ ಮೇಲೆ ಬರೆಯಬಾರದು ಎಂದೂ, ಲೆಕ್ಕ ಗಣಕೀಕೃತವಾಗಿದ್ದಲ್ಲಿ ತಿದ್ದಿದ ಅಥವಾ ತೆಗೆದುಹಾಕಿದ ಪ್ರತಿಯೊಂದು ನಮೂದಿನ ದಾಖಲೆ ಇಡಬೇಕೆಂದೂ ವಿಧಿಸಿದೆ. ಇದರಲ್ಲಿ ಕಂಪನಿ, ಪಾಲುದಾರಿಕೆ ಎಂಬ ಭೇದವಿಲ್ಲ.

ಇದು ಹೊಸ ಕಟ್ಟಳೆಯೂ ಅಲ್ಲ. ಕೆಂಪು ಬಟ್ಟೆಯ ಕಿರ್ದಿ ಪುಸ್ತಕದ ಕಾಲದಲ್ಲಿ ತಪ್ಪಾದ ಅಂಕಿಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ರುಜು ಹಾಕುವ ಸಂಪ್ರದಾಯವಿತ್ತು. ಅಳಿಸಿದ ಪುಸ್ತಕಕ್ಕೆ ಸಾಲ ಕೊಡುವ ಸಾಹುಕಾರನೂ ಬೆಲೆ ಕೊಡುತ್ತಿರಲಿಲ್ಲ. ಪಾಲುದಾರರ ನಡುವೆ ಮನಸ್ತಾಪ ಬಂದಾಗ, ನಂಬಿಕೆಯ ನೌಕರನೇ ವಂಚಿಸಿದಾಗ, ಮಾಲೀಕನ ನೆರವಿಗೆ ಬರುವುದು ಈ ದಾಖಲೆಯೇ. ಅದನ್ನು ನಿಲ್ಲಿಸುವ ಚೌಕವನ್ನು ಇಟ್ಟುಕೊಂಡು ಆಮೇಲೆ ಹಲುಬುವುದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಚೌಕದ ಪಕ್ಕದ ಮಾತು

ಚೌಕದ ಮುಂದಿನ ವಾಕ್ಯ ಸಕಾರಾತ್ಮಕವಾಗಿರಬೇಕು. ‘ಸರಕು ಋಣವಾದರೆ ಎಚ್ಚರಿಸಬೇಡ’ ಎಂಬ ಚೌಕದಿಂದ ಗುರುತು ತೆಗೆದರೆ ಏನಾಗುತ್ತದೆಂದು ಯೋಚಿಸಲು ಕ್ಷಣ ಹೊತ್ತು ಬೇಕು. ‘ಸರಕು ಋಣವಾದರೆ ಎಚ್ಚರಿಸು’ ಎಂದರೆ ಯೋಚನೆಯೇ ಬೇಡ. ಸಾಧ್ಯವಾದಲ್ಲೆಲ್ಲ ಈ ಮಾತು ಕನ್ನಡದಲ್ಲಿರುವುದು ಉಚಿತ. ವಿಷುಯಲ್ ಬೇಸಿಕ್ 6ರ ಮೂಲ ಸಾಧನಗಳಿಗೆ ಯೂನಿಕೋಡ್ ಬರುತ್ತಿರಲಿಲ್ಲವಾದ್ದರಿಂದ ಹಿಂದೆ ಅದು ತೊಡಕಿನ ಕೆಲಸವಾಗಿತ್ತು. ಡಾಟ್‌ನೆಟ್‌ನಲ್ಲಿ ಆ ತೊಡಕಿಲ್ಲ. ಗೋದಾಮಿನ ಗುಮಾಸ್ತನಿಗೆ ಅರ್ಥವಾಗದ ಇಂಗ್ಲಿಷ್ ವಾಕ್ಯದ ಮುಂದೆ ಅವನಿಂದ ಗುರುತು ಹಾಕಿಸಿಕೊಂಡು, ತಪ್ಪಾದಾಗ ಅವನನ್ನೇ ದೂರುವುದು ನ್ಯಾಯವಲ್ಲ.

ಪ್ರತಿವಾದ ಮತ್ತು ಸಮಾಧಾನ

ತಂತ್ರಾಂಶ ತಯಾರಕರ ವಾದವನ್ನೂ ಕೇಳಬೇಕು. ಒಂದೇ ತಂತ್ರಾಂಶ ಅಡಿಕೆ ಮಂಡಿಗೂ, ಜವಳಿ ಅಂಗಡಿಗೂ, ಲೇತ್ ಕಾರ್ಖಾನೆಗೂ ಹೊಂದಬೇಕಾದರೆ ಆಯ್ಕೆಗಳನ್ನು ಹೆಚ್ಚಿಸದೆ ವಿಧಿಯಿಲ್ಲ ಎಂದು ಅವರು ಹೇಳುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಪ್ರತಿ ಗಿರಾಕಿಗೂ ಬೇರೆ ತಂತ್ರಾಂಶ ಬರೆಯಲು ಹೊರಟರೆ ಸಣ್ಣ ಉದ್ಯಮಿಗೆ ಅದರ ಬೆಲೆ ಎಟುಕದು. ಆದರೆ ಆಯ್ಕೆ ಕೊಡುವುದು ಬೇರೆ, ಹೊಣೆ ವರ್ಗಾಯಿಸುವುದು ಬೇರೆ. ಬಿಲ್ಲಿನ ಅಕ್ಷರ ದಪ್ಪವಿರಬೇಕೇ ಎಂಬ ಚೌಕವೂ, ತೆರಿಗೆಯ ಹೊಣೆಯನ್ನು ನಿರ್ಧರಿಸುವ ಚೌಕವೂ ಒಂದೇ ಪರದೆಯಲ್ಲಿ ಅಕ್ಕಪಕ್ಕ ಕುಳಿತು, ಎರಡನ್ನೂ ಯಾರು ಬೇಕಾದರೂ ಮುಟ್ಟುವಂತಿದ್ದರೆ ಅದನ್ನು ಸೌಲಭ್ಯವೆನ್ನಲಾಗದು.

ಸದಸ್ಯರು ಅನುಸರಿಸಬಹುದಾದ ಕ್ರಮ

1. ತಂತ್ರಾಂಶದಲ್ಲಿರುವ ಎಲ್ಲ ಚೌಕಗಳ, ಹೌದು-ಅಲ್ಲ ಪ್ರಶ್ನೆಗಳ ಪಟ್ಟಿಯನ್ನು ತಯಾರಕರಿಂದ ಬರಹದಲ್ಲಿ ಪಡೆಯಬೇಕು. ಪ್ರತಿಯೊಂದರ ಡೀಫಾಲ್ಟ್ ಏನೆಂಬುದು ಅದರಲ್ಲಿರಬೇಕು.

2. ತೆರಿಗೆ, ಬೆಲೆ, ಉದ್ದರಿ ಮಿತಿ ಇವುಗಳಿಗೆ ಸಂಬಂಧಿಸಿದ ಚೌಕಗಳನ್ನು ಬದಲಿಸುವ ಅಧಿಕಾರ ಮಾಲೀಕರ ಅಥವಾ ಅವರು ನೇಮಿಸಿದ ಒಬ್ಬರ ಪಾಸ್‌ವರ್ಡ್‌ಗೆ ಮಾತ್ರ ಇರಬೇಕು. ಬದಲಾವಣೆ ಮಾಡಿದವರ ಹೆಸರು, ತಾರೀಖು, ವೇಳೆ ದಾಖಲಾಗಬೇಕು.

3. ಉತ್ತರ ಗೊತ್ತಿಲ್ಲದಿರಬಹುದಾದ ಪ್ರಶ್ನೆಗೆ ಚೌಕದ ಬದಲು ಪಟ್ಟಿ ಬೇಕೆಂದು ಹಟ ಹಿಡಿಯಬೇಕು.

4. ಕಾನೂನಿನೊಡನೆ ಬದಲಾಗುವ ಗುರುತುಗಳಿಗೆ ‘ಎಂದಿನಿಂದ’ ಎಂಬ ತಾರೀಖು ಇರಬೇಕು.

5. ಪ್ರತಿ ವರ್ಷ ಏಪ್ರಿಲ್ ಮೊದಲ ವಾರದಲ್ಲಿ, ಹಾಗೂ ದರ ಬದಲಾವಣೆಯ ಅಧಿಸೂಚನೆ ಹೊರಟಾಗಲೆಲ್ಲ, ಲೆಕ್ಕಪರಿಶೋಧಕರೊಡನೆ ಕುಳಿತು ಈ ಪಟ್ಟಿಯನ್ನು ಒಂದೊಂದಾಗಿ ನೋಡಬೇಕು.

6. ತಂತ್ರಾಂಶದ ಹಣ ಪೂರ್ತಿ ಪಾವತಿಸುವ ಮುನ್ನ ಹಳೆಯ ಬಿಲ್ಲೊಂದನ್ನು ತೆರೆದು, ಮುಚ್ಚಿ, ಮೊತ್ತ ಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಜಿಲ್ಲಾ ವಾಣಿಜ್ಯೋದ್ಯಮ ಸಂಸ್ಥೆಗಳೂ ಇಲ್ಲಿ ಒಂದು ಸೇವೆ ಸಲ್ಲಿಸಬಹುದು. ಒಂದೊಂದು ಬಗೆಯ ವ್ಯಾಪಾರಕ್ಕೂ ಬೇಕಾದ ಚೌಕಗಳ ಮಾದರಿ ಪಟ್ಟಿಯನ್ನು ಲೆಕ್ಕಪರಿಶೋಧಕರು ಮತ್ತು ಊರಿನ ಪ್ರೋಗ್ರಾಮರ್‌ಗಳ ನೆರವಿನಿಂದ ತಯಾರಿಸಿ ಹಂಚಿದರೆ, ಒಬ್ಬೊಬ್ಬ ವರ್ತಕನೂ ಪ್ರತ್ಯೇಕವಾಗಿ ತಡಕಾಡುವುದು ತಪ್ಪುತ್ತದೆ. ಇದಕ್ಕೆ ತಗಲುವ ವೆಚ್ಚ ಅಲ್ಪ.

ಮಾಲೀಕರು ಚೆಕ್ಕಿಗೆ ರುಜು ಹಾಕುವ ಮುನ್ನ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಓದುತ್ತಾರೆ. ಪರದೆಯ ಚಿಕ್ಕ ಚೌಕದಲ್ಲಿ ಬೀಳುವ ಗುರುತೂ ಸಂಸ್ಥೆಯ ಹೆಸರಿನಲ್ಲಿ ಬೀಳುವ ರುಜುವೇ. ಅದನ್ನೂ ಓದಿಯೇ ಹಾಕಬೇಕು.